ಹೆಸರು ಹೊತ್ತ ಕುಂಬಳಕಾಯಿ

ದೀಪಾವಳಿ ಅಲಂಕಾರಕ್ಕೆಂದು ಮಗಳು ಮೂರು ಕುಂಬಳಕಾಯಿಗಳ ಮೇಲೆ ನಮ್ಮ ಮೂವರ ಹೆಸರನ್ನು ಬಂಗಾರದ ಬಣ್ಣದಲ್ಲಿ ಬರೆಯುತ್ತಿದ್ದಾಳೆ.

ಸಿದ್ದಾಪುರದ ನಮ್ಮ ಮನೆಯಲ್ಲಿ ಬಣ್ಣ ಬೇಕಿರಲಿಲ್ಲ. ಬಳ್ಳಿಯಲ್ಲಿದ್ದ ಎಳೆಗಾಯಿಯ ಮೇಲೆ ನಿಂಬೆಮುಳ್ಳಿನಿಂದ ಗೀರಿದರೆ ಸಾಕು, ಕಾಯಿಯ ಜೊತೆ ಅಕ್ಷರವೂ ಬೆಳೆಯುತ್ತಿತ್ತು. ನಾನು ಚಿಕ್ಕವಳಿದ್ದಾಗ ಒಂದು ವರ್ಷ ಹುರುಪಿನಲ್ಲಿ ಮನೆಮಂದಿಯ ಹೆಸರೆಲ್ಲ ಗೀರಿ, ಒಂದು ಕಾಯಿಯನ್ನೂ ಖಾಲಿ ಬಿಡಲಿಲ್ಲ.

ಹಬ್ಬದ ದಿನ ಮೆಟ್ಟುಗತ್ತಿಯ ಮುಂದೆ ಕೂತ ಅಜ್ಜಿ ಒಂದೊಂದೇ ಕಾಯಿ ತಿರುಗಿಸಿ ನೋಡಿ ಹಣೆ ಚಚ್ಚಿಕೊಂಡಳು.

"ಕೂಸೆ, ಮನೆಯವ್ರ ಹೆಸ್ರಿಪ್ಪ ಕಾಯಿಗೆ ಆನು ಹೆಂಗೆ ಕತ್ತಿ ಹಾಕ್ಲಿ?"

ಮನಸಾರೆ ಬೈದಳು. ಆಮೇಲೆ ತನ್ನ ಹೆಸರಿದ್ದ ಕಾಯಿಯನ್ನೇ ಹುಡುಕಿ ಎಳೆದುಕೊಂಡು ಹೋಳು ಮಾಡಿದಳು.

"ಆಯಿ, ಹಬ್ಬ ಮುಗದ್ಮೇಲೆ ಮೊದ್ಲು ಪಲ್ಯಕ್ಕೆ ಯಾವ್ದು?" ಮಗಳು ಈಗ ಕೇಳಿದಳು.

ಉತ್ತರ ಬಾಯಿಗೆ ಬರುವ ಮೊದಲೇ ನನ್ನ ಕೈ ನನ್ನ ಹೆಸರಿನ ಕಾಯಿಯ ಮೇಲಿತ್ತು.