ಕರುವಿನ ಪಾಲು

ನರ್ಸಿಗೆ ಸಿಟ್ಟು ಸಲ್ಲದು ಎಂದು ನಮಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಮನೆಮನೆಗೆ ಹೋಗುವವಳ ಮುಖದಲ್ಲಿ ನಗು ಇರಬೇಕು, ಮಾತು ಬೆಲ್ಲದ ಹಾಗಿರಬೇಕು. ಹೇಳಿದವರು ಒಂದು ದಿನವಾದರೂ ಬಿಸಿಲಲ್ಲಿ ಬೀದಿ ಸುತ್ತಿದವರಲ್ಲ. ನಾನು ಸುತ್ತಿದೆ, ನಕ್ಕೆ, ಬೆಲ್ಲದ ಮಾತನ್ನೂ ಆಡಿದೆ. ಸಿಟ್ಟು ಮಾತ್ರ ಹೋಗಲಿಲ್ಲ. ನಿವೃತ್ತಳಾಗಿ ಇಷ್ಟು ವರ್ಷವಾದರೂ ಇದೆ.

ಅದು ತೊಂಬತ್ತರ ದಶಕದ ಕೊನೆ. ನನ್ನ ಮನೆ ಬನ್ನಿಮಂಟಪದ ಹತ್ತಿರ, ಕೆಲಸ ಬೋಗಾದಿಯ ಕಡೆ. ಆಗ ಆ ಕಡೆಯೆಲ್ಲ ಅತ್ತ ಹಳ್ಳಿಯೂ ಅಲ್ಲ, ಇತ್ತ ಪೇಟೆಯೂ ಅಲ್ಲ. ಸೈಟಿನ ಕಲ್ಲು ನೆಟ್ಟು ಬಡಾವಣೆಯ ಬೋರ್ಡು ಹಾಕಿದ್ದರು, ಅದರ ಪಕ್ಕದಲ್ಲೇ ಹಸು ಕಟ್ಟಿದ ಹೆಂಚಿನ ಮನೆಗಳಿದ್ದವು. ಆ ಮನೆಗಳ ಒಂದು ಬೀದಿಗೆ ಯಾವ ನರ್ಸೂ ಹೋಗುತ್ತಿರಲಿಲ್ಲ. ಹಳ್ಳಿ ನೋಡಿಕೊಳ್ಳುವವರನ್ನು ಕೇಳಿದರೆ ‘ಅದು ಸಿಟಿಗೆ ಸೇರೋಯ್ತು’ ಅನ್ನುವರು. ನಮ್ಮ ಕಚೇರಿಯಲ್ಲಿ ಕೇಳಿದರೆ ‘ಇನ್ನೂ ಸೇರಿಲ್ಲ.’ ನಮ್ಮ ಸಾಹೇಬರಂತೂ ಗೋಡೆಯ ನಕ್ಷೆಯ ಮೇಲೆ ಬೆರಳಿಟ್ಟು, ‘ನಮ್ಮ ಗೆರೆ ಇಲ್ಲಿಗೆ ಮುಗೀತು ಸಿಸ್ಟರ್. ನಿಮಗ್ಯಾಕೆ ಊರ ಉಸಾಬರಿ?’ ಎಂದರು. ಹೆರಿಗೆ ನೋವು ನಕ್ಷೆ ನೋಡ್ಕೊಂಡು ಬರುತ್ತಾ ಸಾರ್ ಎಂದು ಕೇಳಿಯೇಬಿಟ್ಟೆ. ಅವರು ಮೇಜಿನ ಮೇಲಿದ್ದ ಪೇಪರ್ ಬಿಡಿಸಿಕೊಂಡರು.

ಆ ವರ್ಷ ನಾನೇ ಹೋಗತೊಡಗಿದೆ. ನನ್ನ ಬೀದಿಗಳು ಮುಗಿದ ಮೇಲೆ ಆ ಬೀದಿಗೂ ಒಂದು ಸುತ್ತು ಹಾಕುತ್ತಿದ್ದೆ. ಅಲ್ಲೊಬ್ಬ ಹುಡುಗಿ ಹೆರಿಗೆಗೆಂದು ತವರಿಗೆ ಬಂದಿದ್ದಳು. ಎರಡನೆಯ ಬಸಿರು. ಹಿಂದಿನ ವರ್ಷ ಅದೇ ಮನೆಯಲ್ಲಿ ಹುಟ್ಟಿದ ಮೊದಲ ಮಗು ವಾರ ತುಂಬುವ ಮುಂಚೆಯೇ ಹೋಗಿತ್ತು. ಏನಾಗಿತ್ತು ಎಂದು ಕೇಳಿದರೆ ಅವಳ ತಾಯಿ, ‘ಏನ್ ಮಾಡದು ನರ್ಸಮ್ಮ, ಅದ್ರ ಹಣೇಲಿ ಅಷ್ಟೇ ಬರ್ದಿತ್ತು’ ಎಂದು ಮಾತು ಮುಗಿಸಿದರು. ಹಣೆಬರಹ! ಆ ಮಾತು ಕೇಳಿದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ.

ಹುಡುಗಿಗೆ ಚುಚ್ಚುಮದ್ದು ಹಾಕಿದೆ, ಕಬ್ಬಿಣದ ಮಾತ್ರೆ ಕೊಟ್ಟೆ. ಹೋದಾಗಲೆಲ್ಲ ಒಂದೇ ಮಾತು ಹೇಳಿದೆ: ಮಗು ಹುಟ್ಟಿದ ಕೂಡಲೇ ಎದೆಗೆ ಹಾಕಿಕೋ, ಮೊದಲು ಬರುವ ಆ ಹಳದಿ ಗಟ್ಟಿ ಹಾಲನ್ನೇ ಕುಡಿಸು. ಅವಳು ಕಣ್ಣರಳಿಸಿ ಕೇಳಿಸಿಕೊಂಡಳು. ತಾಯಿಯೂ ರಾಗಿ ಕೇರುತ್ತ ಅಲ್ಲೇ ಕೂತಿದ್ದರು, ಕೇಳಿಸಿಕೊಂಡರು ಎಂದುಕೊಂಡೆ.

ಹೆರಿಗೆ ಮನೆಯಲ್ಲೇ ಆಯಿತು, ಸೂಲಗಿತ್ತಿ ಬಂದು ಮಾಡಿಸಿದಳು. ನನಗೆ ಸುದ್ದಿ ತಿಳಿದು ಹೋಗುವಷ್ಟರಲ್ಲಿ ಎರಡು ದಿನ ಕಳೆದಿತ್ತು. ಹೊಸಿಲು ದಾಟುತ್ತಲೇ ಏಲಕ್ಕಿ ಬೆಲ್ಲದ ಘಮ. ಹಸುವೂ ಅದೇ ವಾರ ಈದಿತ್ತು. ಹುಡುಗಿಯ ತಾಯಿ ಸಂಭ್ರಮದಿಂದ ತಟ್ಟೆ ತುಂಬ ಗಿಣ್ಣು ತಂದಿಟ್ಟರು. ‘ತಿನ್ನಿ ನರ್ಸಮ್ಮ, ಮೊದಲ್ನೇ ಹಾಲಿಂದು. ಬೀದಿಗೆಲ್ಲ ಅಂಚಿವ್ನಿ.’ ಒಳಗಿನಿಂದ ಮಗುವಿನ ದನಿ ಬರುತ್ತಿತ್ತು. ಅದು ಅಳುವಲ್ಲ, ಅಳಲು ತ್ರಾಣವಿಲ್ಲದ ಮಗುವಿನ ನರಳಾಟ.

ತಟ್ಟೆ ಬಿಟ್ಟು ಒಳಗೆ ನುಗ್ಗಿದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಸಾಂಬ್ರಾಣಿ ಹೊಗೆ. ಮಗುವಿನ ತುಟಿ ಒಣಗಿತ್ತು, ನೆತ್ತಿ ಕುಳಿಬಿದ್ದಿತ್ತು. ಪಕ್ಕದ ಬಟ್ಟಲಲ್ಲಿ ಸಕ್ಕರೆ ನೀರು, ಅದರಲ್ಲಿ ಅದ್ದಿದ ಹತ್ತಿ. ಬಾಣಂತಿಯ ರವಿಕೆ ಹಾಲಿಗೆ ನೆನೆದು ಅಂಟಿಕೊಂಡಿತ್ತು.

‘ಕುಡಿಸ್ಲಿಲ್ವೇನೇ?’ ಎಂದೆ.

‘ಬುಡ್ಲಿಲ್ಲ ಕಣಕ್ಕ,’ ಎಂದು ಗೋಡೆಗೆ ಮುಖ ತಿರುಗಿಸಿದಳು. ‘ಹಿಂಡಿ ಚೆಲ್ಲುಸ್ಬುಟ್ರು.’

ನನಗೆ ತಲೆ ಕೆಟ್ಟಿತು. ಬೆಲ್ಲದ ಮಾತು, ನಗುಮುಖ ಎಲ್ಲ ಹಾಳಾಗಿ ಹೋಗಲಿ. ಹೊರಗೆ ಬಂದು ಆ ತಾಯಿಯ ಮೇಲೆ ಹರಿಹಾಯ್ದೆ. ಅವರೂ ಬಿಡುವ ಹೆಂಗಸಲ್ಲ.

‘ಅದು ಕೆಟ್ಟಾಲು ಕಣ್ರೀ! ಒಂಬತ್ತು ತಿಂಗ್ಳು ಒಳ್ಗೇ ನಿಂತಿದ್ದು. ಮೂರು ದಿನ ಕಳುದ್ಮೇಲೆ ಕೊಟ್ರಾಯ್ತದೆ. ನಮ್ಮವ್ವ ಅಂಗೇ ಮಾಡುದ್ಲು, ನಾನೂ ಅಂಗೇ ಮಾಡ್ದೆ.’

ನಮ್ಮಮ್ಮನೂ ಹಾಗೇ ಮಾಡಿದವಳು. ಹಿತ್ತಲಲ್ಲಿ ಕರು ಅಂಬಾ ಎಂದಿತು. ನನ್ನ ಕಣ್ಣು ಗಿಣ್ಣಿನ ತಟ್ಟೆಯ ಮೇಲೆ ಬಿತ್ತು.

‘ಇಷ್ಟು ಗಿಣ್ಣು ಮಾಡಿದೀರಲ್ಲ, ಕರುಗೆ ಏನು ಬಿಟ್ರಿ? ಹಾಲೆಲ್ಲಾ ನೀವೇ ಕರ್ಕೊಂಡ್ರಾ?’ ಎಂದೆ.

ಆ ತಾಯಿಗೆ ಅವಮಾನವಾಯಿತು. ‘ನಾವೇನು ಕಟುಕ್ರಾ? ಕರ ಒಟ್ಟೆ ತುಂಬಾ ಕುಡುದ್ಮೇಲೇ ನಾವು ಕೆಚ್ಚಲಿಗೆ ಕೈ ಆಕದು. ಮೊದಲ್ನೇ ಹಾಲು ಕುಡೀದೆ ಇದ್ರೆ ಕರ ಎದ್ದು ನಿಂತ್ಕತದಾ? ಸತ್ತೇ ಓಯ್ತದೆ ಕಣ್ರೀ...’

ಅಷ್ಟಕ್ಕೆ ಮಾತು ನಿಂತಿತು. ಅವರು ನನ್ನನ್ನು ನೋಡಿದರು, ಕೋಣೆಯ ಬಾಗಿಲ ಕಡೆ ನೋಡಿದರು. ಆಮೇಲೆ ತಾವೇ ಒಳಗೆ ಹೋಗಿ ಕಿಟಕಿ ತೆಗೆದು, ಮಗುವನ್ನೆತ್ತಿ ಮಗಳ ಮಡಿಲಿಗೆ ಹಾಕಿದರು.

ಮಗುವಿಗೆ ಚೀಪುವ ಶಕ್ತಿಯೂ ಇರಲಿಲ್ಲ. ಹಾಲು ಹಿಂಡಿ ತೊಟ್ಟು ತೊಟ್ಟಾಗಿ ಬಾಯಿಗೆ ಬಿಟ್ಟೆವು. ಬಹಳ ಹೊತ್ತು ಹಿಡಿಯಿತು. ಕೊನೆಗೆ ಮಗು ಮೊಲೆ ಕಚ್ಚಿಕೊಂಡಿತು, ಗುಟುಕಿನ ಸದ್ದು ಕೇಳಿಸಿತು. ನಾನು ಚೀಲ ಹೆಗಲಿಗೇರಿಸಿದೆ.

ಆಗ ಆ ತಾಯಿ ನನ್ನ ಸೆರಗು ಹಿಡಿದರು.

‘ಅಂಗಾದ್ರೆ ನರ್ಸಮ್ಮ... ಓದ್ ವರ್ಸದ್ದು?’

ಆವರೆಗೆ ಆ ಹೆಂಗಸಿನ ಮೇಲಿದ್ದ ಸಿಟ್ಟೆಲ್ಲ ಜರ್ರನೆ ಇಳಿಯಿತು. ಆ ಮೊದಲ ಮಗು ಹಸಿವಿಗೇ ಸತ್ತಿತೋ ಬೇರೆ ಏನಾಗಿತ್ತೋ ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಎಂದೇ ಹೇಳಿದೆ. ಗೊತ್ತಿದ್ದದ್ದು ಒಂದೇ. ಹಿಂದಿನ ವರ್ಷ ಈ ಬೀದಿಗೆ ಒಬ್ಬಳು ಬಂದು ಹೀಗೆ ಕರುವಿನ ಮಾತು ಎತ್ತಿದ್ದರೆ ಸಾಕಿತ್ತು, ಈ ಹೆಂಗಸು ಕರುವಿಗೆ ಕೊಟ್ಟದ್ದನ್ನು ಮೊಮ್ಮಗುವಿಗೂ ಕೊಡುತ್ತಿದ್ದಳು. ಗೋಡೆಯ ನಕ್ಷೆಯ ಮೇಲೆ ಬೆರಳಿಟ್ಟ ಆ ಕೈಯನ್ನು ಎಳೆದು ತಂದು ಈ ಕೋಣೆಯಲ್ಲಿ ನಿಲ್ಲಿಸಬೇಕು ಅನ್ನಿಸಿತು. ಇವತ್ತಿಗೂ ಅನ್ನಿಸುತ್ತದೆ.

‘ಆಗ ನಿಮ್ಗೆ ಯಾರೂ ಬಂದು ಹೇಳ್ಲಿಲ್ವಲ್ಲಮ್ಮ’ ಎಂದೆ.

ಬಾಣಂತಿ ಮಗುವಿನ ಮೇಲಿಂದ ಕಣ್ಣು ತೆಗೆಯಲಿಲ್ಲ.

‘ಅದೂ ಇಂಗೇ ನರಳ್ತಿತ್ತು ಕಣವ್ವ’ ಎಂದಳು.