ಮಾಸ್ಕ್ ಎಂದಿರುವ ಕಡೆ ಬೆಲ್ಲ ಎಂದು ಓದಿಕೊಳ್ಳಿ

ಸೋಬಾನೆ ಪದದ ಮೂರನೇ ಸಾಲಿಗೆ ನನಗೆ ಉಸಿರು ಸಾಲಲಿಲ್ಲ.

ಚನ್ನರಾಯಪಟ್ಟಣದಲ್ಲಿ ನನ್ನ ತಂಗಿಯ ಮಗಳ ಸೀಮಂತ. ಸೋಬಾನೆ ಎಂದರೆ ನಮ್ಮ ನೆಂಟರಲ್ಲೆಲ್ಲ ನಾನೇ ಮುಂದು. ಎರಡು ಸಾಲು ಎತ್ತಿಕೊಟ್ಟೆ, ಹೆಂಗಸರು ಹಿಂದಿನಿಂದ ಹೇಳಿದರು. ಮೂರನೆಯದಕ್ಕೆ ಬಾಯಿ ತೆರೆದೆ. ಪದ ನೆನಪಿತ್ತು. ರಾಗ ನೆನಪಿತ್ತು. ಗಾಳಿ ಇರಲಿಲ್ಲ. "ವಯಸ್ಸಾಯ್ತು ಕಣಕ್ಕ ನಿಂಗೆ" ಎಂದು ತಂಗಿ ನಗಾಡಿದಳು. ನನಗೆ ನಲವತ್ತಮೂರು. "ನಿನ್ ತಲೆ" ಎಂದು ಬೈಯಬೇಕೆಂದುಕೊಂಡೆ. ಬೈಯುವುದಕ್ಕೂ ಉಸಿರು ಬೇಕಲ್ಲ, ಅದೂ ಆಗಲಿಲ್ಲ.

ಆಮೇಲೆ ಒಂದೊಂದಾಗಿ ಶುರುವಾಯಿತು. ಒಣಕೆಮ್ಮು. ಬಿಂದಿಗೆ ಎತ್ತಿದರೆ ಏದುಸಿರು. ಬಟ್ಟೆ ಹಿಂಡುವಾಗ ನಡುವೆ ಕೂತುಕೊಳ್ಳುವುದು. ಬೀದಿಯ ಕ್ಲಿನಿಕ್ಕಿನವರು ಅಲರ್ಜಿ ಎಂದು ಮಾತ್ರೆ ಕೊಟ್ಟರು. ನುಂಗಿದೆ. ಒಂದು ಬೆಳಿಗ್ಗೆ ಜ್ವರ ಬಂದು, ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದಾಗ ನಮ್ಮವರು ಆಟೋ ತಂದರು. ಅವರು ಹಾಸನ–ಅರಕಲಗೂಡು ಬಸ್ಸಿನ ಕಂಡಕ್ಟರ್. ಆ ದಿನ ಡ್ಯೂಟಿ ಬಿಟ್ಟು, ಆಟೋದಲ್ಲಿ ನನ್ನ ಬೆನ್ನು ನೀವುತ್ತ, "ಒಳಗಡೆ ಜಾಗ ಐತೆ, ಮುಂದಕ್ಕೆ ನಡೀರಿ ಮುಂದಕ್ಕೆ ನಡೀರಿ ಅನ್ನು ಗೌರಿ ಆ ಗಾಳಿಗೆ" ಎಂದರು. ನಗಿಸುತ್ತಿದ್ದರು.

ಹಾಸನದ ದೊಡ್ಡ ಆಸ್ಪತ್ರೆಯಲ್ಲಿ ಮೂಗಿಗೆ ಆಕ್ಸಿಜನ್ ನಳಿಕೆ ಹಾಕಿದರು. ಎಕ್ಸ್‌ರೇ, ಸಿಟಿ ಸ್ಕ್ಯಾನ್, ಕಫದ ಪರೀಕ್ಷೆ. ಕೊಳವೆಗೆ ಬಾಯಿಟ್ಟು ಊದಿಸಿದರು. ಟಿಬಿ ಅಲ್ಲ ಎಂದು ಗೊತ್ತಾದ ದಿನ ನಮ್ಮವರು ವಾರ್ಡಿಗೆಲ್ಲ ಕಾಫಿ ಕೊಡಿಸಿದರು.

ಜ್ವರಕ್ಕೋ ಔಷಧಿಗೋ, ಮಧ್ಯಾಹ್ನವಾದರೆ ನನಗೊಂದು ಮಂಪರು ಕವಿಯುತ್ತಿತ್ತು. ಪೂರ್ತಿ ನಿದ್ದೆಯಲ್ಲ. ನರ್ಸಮ್ಮನ ಚಪ್ಪಲಿ ಸದ್ದು ಕೇಳುತ್ತಿತ್ತು, ಕಿಟಕಿಯ ಪರದೆ ಕಾಣುತ್ತಿತ್ತು, ಅದರೊಳಗೇ ನಾನು ಕೆಲಸ ಮಾಡುವ ಯಾರ್ಡೂ ಬಂದು ಕೂರುತ್ತಿತ್ತು. ಮಂಚದ ಆಚೆ ಕಲ್ಲಿದ್ದಲ ಗುಡ್ಡ. ಬಿಸಿಲಿಗೆ ಮಿರಮಿರ ಹೊಳೆಯುತ್ತಿದೆ. ಪೈಪಿನಿಂದ ನೀರು ಚಿಮ್ಮುತ್ತಿದೆ, ಆ ಹನಿಗಳಲ್ಲಿ ಕಾಮನಬಿಲ್ಲು ಮೂಡಿದೆ. ಲೋಡಿಂಗ್ ಗ್ಯಾಂಗಿನವರು ಒಬ್ಬರ ಹಿಂದೊಬ್ಬರು ಅದರ ಕೆಳಗೆ ಸದ್ದಿಲ್ಲದೆ ನಡೆದು ಹೋಗುತ್ತಿದ್ದಾರೆ. ಎಷ್ಟು ಚೆನ್ನಾಗಿತ್ತು ಅಂತೀರಿ. ಕರಿ ಧೂಳು ಕೂಡ ಮಂಜಿನ ಹಾಗೆ ಮೆತ್ತಗೆ ಇಳಿಯುತ್ತಿತ್ತು, ನಾನು ಅಂಗೈ ಚಾಚಿ ಹಿಡಿಯುತ್ತಿದ್ದೆ.

ಆ ಯಾರ್ಡಿನಲ್ಲಿ ನಾನು ಹನ್ನೊಂದು ವರ್ಷದಿಂದ ಸೇಫ್ಟಿ ಕ್ಲರ್ಕ್. ಊರಾಚೆ ಗೂಡ್ಸ್ ಹಳಿಯ ಪಕ್ಕ ಇರುವ ಖಾಸಗಿ ಯಾರ್ಡು. ರೈಲಿನಲ್ಲಿ ಬಂದ ಕಲ್ಲಿದ್ದಲನ್ನು ಹಾಪರ್ ಎನ್ನುವ ದೊಡ್ಡ ಕಬ್ಬಿಣದ ಬಾನಿಗೆ ಸುರಿಯುತ್ತಾರೆ. ಅದರ ಕೆಳಗೆ ಲಾರಿ ನಿಂತು ತುಂಬಿಕೊಂಡು ಫ್ಯಾಕ್ಟರಿಗಳ ಬಾಯ್ಲರಿಗೆ ಒಯ್ಯುತ್ತದೆ. ಧೂಳು ಏಳದಂತೆ ನೀರು ಹೊಡೆದರೇ, ಕೆಲಸಗಾರರಿಗೆ ಹೆಲ್ಮೆಟ್ ಕೊಟ್ಟರೇ, ಮಾಸ್ಕ್ ಕೊಟ್ಟರೇ ಎಂದು ದಿನವೂ ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕುವವಳು ನಾನು. ನೀರಿನ ಮೋಟಾರು ವರ್ಷಕ್ಕೆ ಒಂದೆರಡು ಸಲ, ಇನ್‌ಸ್ಪೆಕ್ಷನ್ ಇದ್ದ ದಿನ ಓಡುತ್ತಿತ್ತು. ನಾನು ಕಾಮನಬಿಲ್ಲು ನೋಡಿದ್ದು ಆ ದಿನಗಳಲ್ಲೇ ಇರಬೇಕು.

ಶ್ವಾಸಕೋಶದ ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಸ್ಕ್ಯಾನನ್ನು ಬೆಳಕಿಗೆ ಹಿಡಿದು ಕೇಳಿದರು.

"ಏನು ಕೆಲಸ ಮಾಡ್ತೀರಮ್ಮ?"

"ಆಫೀಸ್ ಕೆಲಸ ಡಾಕ್ಟ್ರೇ."

"ಆಫೀಸ್ ಎಲ್ಲಿದೆ?"

"ಹಾಪರ್ ಪಕ್ಕ. ತಗಡಿನ ರೂಮು."

"ಎಂಥ ಹಾಪರ್?"

ಹೇಳಿದೆ. ಅವರು ಸ್ಕ್ಯಾನನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದರು. ಆಮೇಲೆ ನ್ಯೂಮೋಕೋನಿಯೋಸಿಸ್ ಎಂದರು. ನನಗೆ ಅರ್ಥವಾಗಲಿಲ್ಲ. ಮತ್ತೆ ಕನ್ನಡದಲ್ಲಿ ಹೇಳಿದರು.

ಧೂಳಿನ ಕಾಯಿಲೆ.

"ಒಳಗೆ ಕೂತ ಧೂಳು ಹೊರಗೆ ಬರಲ್ಲ. ಧೂಳಿನ ಜಾಗ ಬಿಟ್ರೆ ಹೆಚ್ಚಾಗದ ಹಾಗೆ ನೋಡ್ಕೋಬಹುದು. ಮಾಸ್ಕ್ ಹಾಕ್ಕೊಳ್ತಿರಲಿಲ್ವಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೊದಿಕೆ ಗದ್ದದವರೆಗೆ ಎಳೆದುಕೊಂಡೆ. "ನಾವು ಬೆಲ್ಲ ತಿಂತಿದ್ವಿ" ಎಂದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಾಸ್ಕ್ ಬರುತ್ತಿತ್ತು. ಹತ್ತು ಗಂಟೆಯೊಳಗೆ ಬೆವರಿಗೆ ನೆಂದು, ಕರ್ರಗಾಗಿ, ಮೂಗಿಗೆ ಅಂಟಿಕೊಳ್ಳುತ್ತಿತ್ತು. ಗ್ಯಾಂಗಿನ ಮೇಸ್ತ್ರಿ ಜವರಯ್ಯ, ಕೊಣನೂರು ಕಡೆಯವನು, ನನಗಿಂತ ಹತ್ತು ವರ್ಷಕ್ಕೆ ದೊಡ್ಡವನು. ಒಂದು ದಿನ ಮಾಸ್ಕನ್ನು ನನ್ನ ಮೇಜಿನ ಮೇಲೆ ತಂದಿಟ್ಟ. "ಇದ್ನಾಕ್ಕಂಡ್ರೆ ಉಸ್ರು ಕಟ್ತದೆ ಕಣವ್ವ. ಇದ್ರ ಬದ್ಲು ತಲೆಗೊಂದು ಅಚ್ಚು ಬೆಲ್ಲ ಕೊಡ್ಸು. ಗಂಟ್ಲಾಗಿರೋ ದೂಳ್ನೆಲ್ಲ ಎಳ್ಕಂಡು ಓಯ್ತದೆ."

ನನಗೆ ಆ ಮಾತು ಹೊಸದಲ್ಲ. ಹೊಳೆನರಸೀಪುರದ ನನ್ನ ತವರಿನಲ್ಲಿ ರಾಗಿ ಕಣದಿಂದ ಬಂದವರಿಗೆ ಅಜ್ಜಿ ಮೊದಲು ಬೆಲ್ಲ ಕೊಟ್ಟು, ಆಮೇಲೆ ನೀರು ಕೊಡುತ್ತಿದ್ದಳು. ಧೂಳಿಗೆ ಬೆಲ್ಲ ಎಂಬುದು ನಮಗೆ ನೆಗಡಿಗೆ ಮೆಣಸು ಎನ್ನುವಷ್ಟೇ ಸಲೀಸು. ಮ್ಯಾನೇಜರನ್ನು ಕೇಳಿದೆ, ಅವರೂ ಹೂಂ ಎಂದರು. ಮಾರನೇ ವಾರದಿಂದ ಬೆಲ್ಲ ಬಂತು. ಮಾಸ್ಕ್ ನಿಂತಿತು.

ತೊಡಕಾದದ್ದು ರಿಜಿಸ್ಟರಿನಲ್ಲಿ. ಅದರಲ್ಲಿ ಮಾಸ್ಕ್ ಎಂಬ ಕಲಂ ಇತ್ತು. ಬೆಲ್ಲಕ್ಕೆ ಕಲಂ ಇರಲಿಲ್ಲ. ಖಾಲಿ ಬಿಟ್ಟರೆ ಆಡಿಟ್‌ನವರು ಕೇಳುತ್ತಾರೆ. ಎರಡೂ ಧೂಳಿಗೇ ಕೊಡುವುದು ತಾನೇ ಎಂದುಕೊಂಡು, ಬೆಲ್ಲ ಇಸಿದುಕೊಂಡವರ ಹೆಬ್ಬೆಟ್ಟು, ಸಹಿ ಎಲ್ಲ ಮಾಸ್ಕಿನ ಕಲಮಿನಲ್ಲಿ ಹಾಕಿಸಿದೆ. ಯಾರೂ ನನಗೆ ಹಾಗೆ ಮಾಡು ಎಂದು ಹೇಳಿಕೊಡಲಿಲ್ಲ. ಉಪಾಯ ನನ್ನದೇ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ನನಗದು ಮೇಯ್ದದ್ದು ಅನ್ನಿಸಲೇ ಇಲ್ಲ. ಒಂದು ದಿನವೂ ತಪ್ಪದೆ, ಕೆಂಪು ಗೆರೆ ಎಳೆದು, ಅಷ್ಟು ಚೆಂದವಾಗಿ ಬರೆದಿಟ್ಟೆ. ಒಬ್ಬ ಆಡಿಟರ್ ಪುಟ ತಿರುವಿ, "ಅಚ್ಚುಕಟ್ಟು ಅಂದ್ರೆ ಇದು" ಎಂದಾಗ ಮನೆಗೆ ಬಂದು ಒಬ್ಬಟ್ಟು ಮಾಡಿದ್ದೆ.

ಡಾಕ್ಟರ್ ನಗಲಿಲ್ಲ. ಮಂಚದ ಅಂಚಿಗೆ ಕೂತು ತಮ್ಮ ಕತ್ತಿನ ಮೇಲೆ ಎರಡು ಬೆರಳಿಟ್ಟು ತೋರಿಸಿದರು. "ಇದು ಅನ್ನದ ದಾರಿ, ಇದು ಗಾಳಿಯ ದಾರಿ. ಬೆಲ್ಲ ಹೊಟ್ಟೆಗೆ ಹೋಗುತ್ತೆ. ಧೂಳು ಹೋಗಿರೋದು ಶ್ವಾಸಕೋಶಕ್ಕೆ. ಅವೆರಡೂ ಭೇಟಿನೇ ಆಗಲ್ಲಮ್ಮ."

ಭೇಟಿಯೇ ಆಗುವುದಿಲ್ಲ.

ಅವರು ಹೋದ ಮೇಲೆ ನನಗೆ ಜವರಯ್ಯನ ನೆನಪಾಯಿತು. ಅವನು ಒಂದು ವರ್ಷದಿಂದ ಕೆಮ್ಮುತ್ತಿದ್ದ. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂದರೆ ನಾನು ಕರೆದು ಎರಡು ಅಚ್ಚು ಕೊಡುತ್ತಿದ್ದೆ.

ಆ ಮಧ್ಯಾಹ್ನದ ಮಂಪರಿನಲ್ಲಿ ಗ್ಯಾಂಗು ಮತ್ತೆ ಬಂತು. ಈ ಸಲ ಸಾಲಾಗಿ ಕೈ ಚಾಚಿ ನಿಂತಿದ್ದರು. ನಾನು ಬುಟ್ಟಿಗೆ ಕೈ ಹಾಕಿ ತೆಗೆದು ಕೊಡುತ್ತಿದ್ದೆ, ಕೊಡುತ್ತಲೇ ಇದ್ದೆ. ಕೈಯಲ್ಲಿ ಬರುತ್ತಿದ್ದದ್ದು ಬೆಲ್ಲವೋ ಕಲ್ಲಿದ್ದಲೋ ಗೊತ್ತಾಗುತ್ತಿರಲಿಲ್ಲ, ಎರಡೂ ಒಂದೇ ಬಣ್ಣ. ಅವರು ನಗುನಗುತ್ತ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಬೇಡ ಎನ್ನಲು ಬಾಯಿ ತೆರೆದೆ. ಗಾಳಿ ಇರಲಿಲ್ಲ. ಎಚ್ಚರವಾದಾಗ ನಮ್ಮವರು ನನ್ನ ಕೈ ಹಿಡಿದುಕೊಂಡಿದ್ದರು. "ಯಾರಿಗೆ ಏನು ಬಡಿಸ್ತಿದ್ದೆ ಲೇ ಅಷ್ಟೊತ್ತಿಂದ?" ಎಂದರು. ಹೇಳಲಾಗದೆ ಅತ್ತುಬಿಟ್ಟೆ.

ಮಾರನೇ ದಿನ ಡಾಕ್ಟರ್ ಇನ್ನೊಂದು ವಿಷಯ ಹೇಳಿದರು. ಕೆಲಸದಿಂದ ಬಂದ ಇಂಥ ಕಾಯಿಲೆಯನ್ನು ಕಾರ್ಖಾನೆಗಳ ಇನ್‌ಸ್ಪೆಕ್ಟರಿಗೆ ತಿಳಿಸಬೇಕಂತೆ, ಕಾನೂನಂತೆ. ಅವರು ಬಂದು ವಿಚಾರಿಸುತ್ತಾರೆ, ರಿಜಿಸ್ಟರ್ ನೋಡುತ್ತಾರೆ. ಅಲ್ಲಿ ಧೂಳಿದೆ ಎಂದು ಕಂಡುಬಂದರೆ ಕೆಲಸಗಾರರನ್ನೆಲ್ಲ ಪರೀಕ್ಷೆಗೆ ಕಳಿಸುತ್ತಾರೆ. ಅಯ್ಯೋ ಶಿವನೇ. ರಿಜಿಸ್ಟರ್ ನೋಡಿದರೆ ಅವರಿಗೇನು ಕಾಣುತ್ತದೆ? ಹನ್ನೊಂದು ವರ್ಷ ಒಂದು ದಿನ ತಪ್ಪದೆ ಮಾಸ್ಕ್. ಇಂಥ ಯಾರ್ಡಿನಲ್ಲಿ ಕಾಯಿಲೆ ಹೇಗೆ ಬಂದೀತು, ಈಕೆ ಮನೆಯಲ್ಲಿ ಸೌದೆ ಒಲೆ ಊದಿರಬೇಕು ಎಂದು ಬರೆದು ಹೋಗುತ್ತಾರೆ. ಜವರಯ್ಯನನ್ನು ಯಾರೂ ಕರೆಯುವುದಿಲ್ಲ. ಅವನು ಕೆಮ್ಮುತ್ತಲೇ ಇರುತ್ತಾನೆ.

ಅದೇ ವಾರ ಮ್ಯಾನೇಜರ್ ಬಂದರು. ಕೆಟ್ಟವರೆಂದರೆ ನನ್ನ ನಾಲಿಗೆ ಬಿದ್ದುಹೋದೀತು. ಮೂಸಂಬಿ ತಂದಿದ್ದರು, ತಾವೇ ಸುಲಿದು ಕೊಟ್ಟರು. ಆಮೇಲೆ ಬ್ಯಾಗಿನಿಂದ ರಿಜಿಸ್ಟರ್ ತೆಗೆದರು.

"ನೀವಿಲ್ಲದ ದಿನಗಳದ್ದು ಖಾಲಿ ಇದೆ ಗೌರಮ್ಮ. ಇನ್‌ಸ್ಪೆಕ್ಟರ್ ಬರ್ತಾರಂತೆ. ಒಂದು ಸಹಿ ಹಾಕ್ಬಿಡಿ."

"ಸಾರ್, ಮಾಸ್ಕ್ ಕೊಟ್ಟಿಲ್ಲ ಅಂತ ಹೇಳ್ಬೇಕು ಅಂತಿದೀನಿ."

ಅವರು ಸಿಟ್ಟಾಗಲಿಲ್ಲ. ಮೂಸಂಬಿ ಸಿಪ್ಪೆಯನ್ನು ಪೇಪರಿನಲ್ಲಿ ಸುತ್ತಿದರು. "ಹೇಳಿ. ಆದರೆ ಸಹಿ ಯಾರದ್ದು? ಎಲ್ಲಾ ಪುಟದಲ್ಲೂ ನಿಮ್ಮದೇ. ನಾಳೆ ನಿಮ್ಮನ್ನೇ ಹಿಡ್ಕೋತಾರೆ. ಕೆಲಸವೂ ಹೋಗುತ್ತೆ. ಯೋಚನೆ ಮಾಡಿ." ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅದಕ್ಕೇ ನನಗೆ ಭಯವಾಯಿತು.

ಅವರು ಸಹಿ ಇಲ್ಲದೆಯೇ ರಿಜಿಸ್ಟರ್ ತೆಗೆದುಕೊಂಡು ಹೋದ ಮೇಲೆ, ಏನು ಮಾಡಲಿ ಎಂದು ನಮ್ಮವರನ್ನು ಕೇಳಿದೆ. "ನಂಗೆ ನಿನ್ನ ಉಳಿಸ್ಕಂಡ್ರೆ ಸಾಕು ಅಂತ ಅನ್ಸ್ತದೆ ಗೌರಿ. ಸುಳ್ಯಾಕೆ ಏಳ್ಲಿ. ಆದ್ರೆ ಜವರಯ್ಯನ ಎಂಡ್ತಿ ನಿನ್ನೆ ನಮ್ ಬಸ್ಸಲ್ಲಿ ಸಿಕ್ಕಿದ್ಲು. ಗಂಡ ಕಫದಾಗೆ ಕರ್ರಗೆ ಉಗೀತಾನೆ ಅಂದ್ಲು" ಎಂದರು.

ಇನ್‌ಸ್ಪೆಕ್ಟರ್ ವಾರ್ಡಿಗೇ ಬಂದರು. ದಪ್ಪ ಕನ್ನಡಕ, ತಗ್ಗಿದ ದನಿ. ರಿಜಿಸ್ಟರಿನ ಜೆರಾಕ್ಸ್ ತೋರಿಸಿ ಕೇಳಿದರು.

"ಇದು ನಿಮ್ಮ ಸಹಿಯೇನಮ್ಮ?"

"ನಂದೇ ಸಾರ್. ಮಾಸ್ಕ್ ಎಂದಿರುವ ಕಡೆ ಬೆಲ್ಲ ಎಂದು ಓದಿಕೊಳ್ಳಿ."

ಅವರು ನರ್ಸಮ್ಮನ ಕಡೆ ನೋಡಿದರು. ಜ್ವರಕ್ಕೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. "ಬೆಲ್ಲ ಅಂದರೆ?" ಎಂದರು.

"ಬೆಲ್ಲ ಸಾರ್. ಅಚ್ಚು ಬೆಲ್ಲ. ತಿನ್ನೋದು." ಅಷ್ಟಕ್ಕೇ ನನಗೆ ಏದುಸಿರು. ನಳಿಕೆ ಸರಿಮಾಡಿಕೊಂಡೆ. ಎರಡು ಮಾತು, ಒಂದು ಉಸಿರು, ಎರಡು ಮಾತು, ಒಂದು ಉಸಿರು, ಹೀಗೆ ಎಲ್ಲ ಹೇಳಿದೆ. ನೀರಿನ ಮೋಟಾರಿನದೂ ಹೇಳಿದೆ. ಉಪಾಯ ನನ್ನದೇ ಎಂಬುದನ್ನೂ ಬಿಡಲಿಲ್ಲ. ಅವರು ಬರೆದುಕೊಂಡರು. ಕೊನೆಗೆ ನನ್ನ ಸಹಿ ಕೇಳಿದರು. ಬರೆದಿದ್ದನ್ನು ಓದಿ ಸಹಿ ಹಾಕಿದೆ. ಆ ಮಧ್ಯಾಹ್ನ ಮಂಪರು ಬಂತು, ಯಾರೂ ಬರಲಿಲ್ಲ. ಬರೀ ಬಿಳಿ ಬೆಳಕು, ಅದರಲ್ಲಿ ತೇಲುತ್ತ ಮಲಗಿದ್ದೆ.

ಈಗ ಮನೆಯಲ್ಲಿದ್ದೇನೆ. ದಿನಕ್ಕೆ ಎರಡು ಸಲ ಇನ್‌ಹೇಲರ್. ಮೆಟ್ಟಿಲನ್ನು ನಡುವೆ ನಿಂತು ಹತ್ತುತ್ತೇನೆ. ಕೆಲಸದಿಂದ ತೆಗೆದಿದ್ದಾರೆ, ನನ್ನ ಮೇಲೆ ವಿಚಾರಣೆಯೂ ಇದೆ. ಮಾಡಿದ್ದುಣ್ಣೋ ಮಹರಾಯ. ಯಾರ್ಡಿನಲ್ಲಿ ದಿನವೂ ನೀರು ಹೊಡೆಯುತ್ತಿದ್ದಾರೆ, ಮೂಗಿಗೆ ಸರಿಯಾಗಿ ಕೂರುವ ಮಾಸ್ಕ್ ಬಂದಿದೆ ಎಂದು ಕೇಳಿದೆ. ಕೆಲವು ಬೆಳಿಗ್ಗೆ ಎದೆ ಹಗುರಾಗಿರುತ್ತದೆ, ಆಗ ಇದ್ದಷ್ಟು ಉಸಿರಿಗೆ ಕೈ ಮುಗಿಯುತ್ತೇನೆ.

ಗ್ಯಾಂಗಿನ ಹನ್ನೊಂದು ಜನರಿಗೂ ಎಕ್ಸ್‌ರೇ ಆಯಿತು. ರಿಪೋರ್ಟ್ ಕೊಡುವ ದಿನ ನಾನೂ ಆಸ್ಪತ್ರೆಗೆ ಹೋದೆ. ನಮ್ಮವರು ಬೇಡ ಎಂದರು, ಕೇಳಲಿಲ್ಲ. ಉದ್ದನೆಯ ಕಾರಿಡಾರು, ಗೋಡೆಗೆ ಒರಗಿಸಿದ ಬೆಂಚಿನಲ್ಲಿ ಅವರೆಲ್ಲ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು ಕೂತಿದ್ದರು. ಅವರ ಮುಖದ ಬಣ್ಣ ನಾನು ಅವತ್ತೇ ಸರಿಯಾಗಿ ನೋಡಿದ್ದು. ಒಬ್ಬೊಬ್ಬರನ್ನೇ ಕರೆದರು. ಏಳು ಜನಕ್ಕೆ ಏನೂ ಇಲ್ಲ. ಮೂವರಿಗೆ ಶುರು. ಜವರಯ್ಯ ಒಳಗೆ ಹೋದವನು ಬಹಳ ಹೊತ್ತು ಬರಲಿಲ್ಲ.

ಬಂದ. ಕೈಯಲ್ಲಿ ದೊಡ್ಡ ಕವರು.

ಜಾಸ್ತಿಯಾಗಿತ್ತು. ನನ್ನದಕ್ಕಿಂತ ಬಹಳ ಜಾಸ್ತಿ.

ಎದ್ದು ಅವನೆದುರು ನಿಂತೆ. ಕಾಲಿಗೆ ಬೀಳಬೇಕೆನಿಸಿತು, ಬಗ್ಗಿದರೆ ಉಸಿರು ಕಟ್ಟುತ್ತದೆ. "ಜವರಣ್ಣ, ನನ್ನ ಮೇಲೆ ಸಿಟ್ಟಿದ್ಯಾ?" ಎಂದೆ. ಎಂಥ ದಡ್ಡ ಪ್ರಶ್ನೆ.

ಅವನು ಕವರನ್ನು ಕಂಕುಳಿಗೆ ಸಿಕ್ಕಿಸಿಕೊಂಡ. "ಐತೆ ಕಣವ್ವ. ಇಲ್ಲ ಅಂದ್ರೆ ಸುಳ್ಳಾಯ್ತದೆ" ಎಂದ. ಆಮೇಲೆ ಕೆಮ್ಮು ಬಂತು. ಗೋಡೆ ಹಿಡಿದು ನಿಂತ. ನಾನೂ ಕಾದು ನಿಂತೆ. ಕೆಮ್ಮು ಇಳಿದ ಮೇಲೆ ನನ್ನ ಮುಖ ನೋಡಿದ.

"ಉಂಡ್ಯಾ?"

ಇಲ್ಲ ಎಂದು ತಲೆಯಾಡಿಸಿದೆ. ಅವನು ಬೆಂಚಿನಲ್ಲಿ ಕೂತು, ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿ, ಬುತ್ತಿಯ ಮುಚ್ಚಳ ತೆಗೆದ.