ದೇವದುರ್ಗದಲ್ಲಿ ಕಲಿತ ಡೇನಿಷ್

ರಾಯಚೂರಿನಲ್ಲಿ ನಮ್ಮ ಯಜಮಾನರು ಜ್ವರ ಬಂದು ತೀರಿಕೊಂಡಾಗ ನನಗೆ ಹತ್ತೊಂಬತ್ತು ವರ್ಷ. ಅಪ್ಪ ಬಂದು ಮಾನ್ವಿಗೆ ಕರೆದುಕೊಂಡು ಹೋದರು. ಮನೆಗೆ ಬಂದವರೆಲ್ಲ ನನ್ನ ಮುಖ ನೋಡಿ ಅತ್ತರು. ನನಗೆ ಅಳು ಬರಲಿಲ್ಲ. ಬಡಿಸಿದರೆ ಉಣ್ಣುತ್ತಿದ್ದೆ, ಏಳು ಎಂದರೆ ಏಳುತ್ತಿದ್ದೆ. ಕೆಲವು ತಿಂಗಳ ಮೇಲೆ, ದೇವದುರ್ಗದಲ್ಲಿ ಮಾಸ್ತರರಾಗಿದ್ದ ಸೋದರಮಾವ ತಮ್ಮ ಹೆಂಡತಿಯ ಬಾಣಂತನಕ್ಕೆ ಕೈ ಸಾಲದೆಂದು ನನ್ನನ್ನು ಕರೆಸಿಕೊಂಡರು. ವರ್ಷ ತುಂಬುವ ಮೊದಲು ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಅಪ್ಪ ಹೇಳಿದರು. ಯಾತಕ್ಕೆ ಎಂದು ಯಾರೂ ಕೇಳಲಿಲ್ಲ. ನಮ್ಮ ಮನೆತನದಲ್ಲಿ ಗಂಡ ಸತ್ತವಳಿಗೆ ವರ್ಷ ತುಂಬುವುದರೊಳಗೆ ತಲೆ ಬೋಳಿಸಿ ಕೆಂಪು ಸೀರೆ ಉಡಿಸುತ್ತಿದ್ದರು. ಅಪ್ಪನ ಅಕ್ಕ, ನಮ್ಮ ಸೋದರತ್ತೆ, ಹಾಗೆಯೇ ಇದ್ದರು. ಒಲ್ಲೆ ಎಂದವಳ ಕೈಯ ನೀರನ್ನು ಮಡಿಯವರು ಕುಡಿಯುತ್ತಿರಲಿಲ್ಲ.

ಬಾಣಂತಿಯನ್ನು ನೋಡಲು ಬರುತ್ತಿದ್ದ ನರ್ಸಮ್ಮ ಡೆನ್ಮಾರ್ಕ್ ದೇಶದವರು. ಊರಿನವರು ಅವರನ್ನು ದವಾಖಾನಿ ಬಾಯಿ ಎನ್ನುತ್ತಿದ್ದರು. ನಮ್ಮ ಓಣಿಯ ಕೊನೆಯಲ್ಲಿ ಒಂದು ಮನೆ ಬಾಡಿಗೆಗೆ ಹಿಡಿದು, ಮುಂದಿನ ಕೋಣೆಯಲ್ಲಿ ದವಾಖಾನೆ ಇಟ್ಟಿದ್ದರು. ಹೊಲಕ್ಕೆ ಹೋಗುವ ಹೆಂಗಸರಿಂದ ಕನ್ನಡ ಕಲಿತವರಾದ್ದರಿಂದ ಸೋದರಮಾವನನ್ನೂ "ಬಾ ಲೇ ಮಾಸ್ತರ, ಕೂಡು" ಎಂದೇ ಕರೆಯುತ್ತಿದ್ದರು. ಮಾವ ರುಮಾಲು ಸರಿಮಾಡಿಕೊಂಡು ಕೂಡುತ್ತಿದ್ದರು.

ಯುದ್ಧದ ಕಾಲ. ನರ್ಸಮ್ಮನ ದೇಶವನ್ನು ಜರ್ಮನಿಯವರು ಹಿಡಿದಿದ್ದರು. ಅಲ್ಲಿಂದ ಒಂದು ಸುದ್ದಿಯೂ ಬರುತ್ತಿರಲಿಲ್ಲ. ಒಂದು ದಿನ ನರ್ಸಮ್ಮ, ಕೂಸನ್ನು ತೂಗುತ್ತ ಕೂತಿದ್ದ ನನ್ನನ್ನು ಬಹಳ ಹೊತ್ತು ನೋಡಿದರು.

"ನೀ ಮಾತಾಡಂಗಿಲ್ಲ?"

"ಏನ್ ಮಾತಾಡ್ಲಿರಿ?"

"ನನ್ನ ಮಾತು ಆಡು. ದಿನಾ ಬಾ. ನನ್ನ ಬಾಯಾಗಿಂದ ಅದು ಹೋಗಾಕತ್ತದ ಬೇ."

ಮಾವ ಒಪ್ಪಿದರು. ಹುಡುಗಿಗೆ ಸ್ವಲ್ಪ ಬೇರೆ ಗಾಳಿ ಬೀಸಲಿ ಎಂದರು. ನನಗೆ ಇಷ್ಟವೂ ಇರಲಿಲ್ಲ, ಬೇಸರವೂ ಇರಲಿಲ್ಲ. ಹೋಗು ಎಂದರು, ಹೋದೆ.

ನರ್ಸಮ್ಮನ ಪಡಸಾಲೆಯಲ್ಲಿ ಒಂದು ಮೇಜು. ಅದರ ಮೇಲೆ ಅವರಿಗೊಂದು ಬಟ್ಟಲು, ನನಗೊಂದು ಬಟ್ಟಲು. ನಾವು ಅವರ ಮನೆಯಲ್ಲಿ ನೀರು ಸಹ ಮುಟ್ಟುವಂತಿರಲಿಲ್ಲ, ಅದು ಅವರಿಗೆ ಗೊತ್ತಿತ್ತು. ಆದರೂ ಬಟ್ಟಲು ಇಡದೆ ಮಾತು ಬರುವುದಿಲ್ಲ ಎಂದು ಅವರು ಬಲವಾಗಿ ನಂಬಿದ್ದರು. ಬಂದ ಕೂಡಲೇ "ಗೋಮೋರ್ನ್" ಎನ್ನಬೇಕು. ಹೇಗಿದ್ದೀ ಎಂದು ಕೇಳಿದರೆ "ದೆ ಗೋರ್" ಎನ್ನಬೇಕು. ಹಾಗೆಂದರೆ ಏನು ಎಂದು ಕೇಳಿದೆ. "ನಡದದ, ಅಂತ," ಎಂದರು. ಮಾನ್ವಿಯಲ್ಲಿ ಯಾರೂ ನನ್ನನ್ನು ಹೇಗಿದ್ದೀ ಎಂದು ಕೇಳಿರಲಿಲ್ಲ. ದೆ ಗೋರ್, ಎಂದೆ. ಸುಳ್ಳೂ ಅಲ್ಲ, ನಿಜವೂ ಅಲ್ಲ. ಹೇಳುವುದಕ್ಕೆ ಕಷ್ಟವಾಗಲಿಲ್ಲ.

ಆ ಭಾಷೆಯಲ್ಲಿ ಪದಗಳನ್ನು ಅರ್ಧ ಆಡಿ ಅರ್ಧ ನುಂಗುತ್ತಾರೆ. ನಾನು ಒಂದೊಂದು ಅಕ್ಷರವನ್ನೂ ಮಂತ್ರ ಹೇಳಿದಂತೆ ಬಿಡಿಸಿ ಹೇಳುತ್ತಿದ್ದೆ. ನರ್ಸಮ್ಮ ನಗುತ್ತಿದ್ದರು. "ಪೂಜಿ ಮಾಡಾಕತ್ತಿ ಏನು? ಬಾಯಾಗ ಬಿಸಿ ಗಡ್ಡಿ ಅದ ಅಂತ ತಿಳಿ, ಈಗ ಹೇಳು." ಬಿಸಿ ಗೆಣಸು ಬಾಯಲ್ಲಿದೆ ಎಂದುಕೊಂಡು ಹೇಳಿದರೆ ನಿಜಕ್ಕೂ ಸರಿಯಾಗುತ್ತಿತ್ತು.

ಆಮೇಲೆ ಕಾಫಿಯ ಪಾಠ. ಕಾಫಿ ಬೀಜ ಸಿಗುತ್ತಿರಲಿಲ್ಲ. ಜೋಳವನ್ನು ಕಪ್ಪಾಗುವವರೆಗೆ ಹುರಿದು ಕುದಿಸಿ ಅದನ್ನೇ ಕಾಫಿ ಎನ್ನುತ್ತಿದ್ದರು. ಪಾತ್ರೆಯನ್ನು ನನ್ನ ಬಟ್ಟಲಿನ ಮೇಲೆ ಹಿಡಿದು, ಕಾಫಿ ಬೇಕೇ ಎಂದು ತಮ್ಮ ಮಾತಿನಲ್ಲಿ ಕೇಳುತ್ತಿದ್ದರು. ತಲೆ ಅಲ್ಲಾಡಿಸಿದರೆ ಪಾತ್ರೆ ಸರಿಯುತ್ತಿರಲಿಲ್ಲ. ಬಾಯಿ ಬಿಟ್ಟು ಹೇಳಬೇಕು: "ನೈ ತಾಕ್." ಬೇಡ, ನಿಮ್ಮ ಉಪಕಾರ. ನಾನು ಹೇಳಿದ ಕೂಡಲೇ ಪಾತ್ರೆ ಸರಿಯುತ್ತಿತ್ತು. ಅವರು ಇನ್ನೊಮ್ಮೆ ಕೇಳುತ್ತಿರಲಿಲ್ಲ. ನನ್ನ ಬಟ್ಟಲು ದಿನವೂ ಬರಿದಾಗಿಯೇ ಒಳಗೆ ಹೋಗುತ್ತಿತ್ತು.

ನಾನು ಇದನ್ನು ಪಾಠ ಎಂದಷ್ಟೇ ತಿಳಿದಿದ್ದೆ. ಕೂಸಿಗೆ ಕಿವಿ ಚುಚ್ಚಿಸಿದ ಮರುದಿನ ಮಾವನ ಮನೆಯಿಂದ ಹೋಳಿಗೆ ತೆಗೆದುಕೊಂಡು ಹೋದೆ. ನರ್ಸಮ್ಮ ಎರಡು ತಿಂದರು. ಮತ್ತೊಂದು ಹಾಕಲು ಹೋದೆ. "ನೈ ತಾಕ್" ಎಂದರು. ಹಾಕಿದೆ. ಮತ್ತೆ ಹೇಳಿದರು. ಇನ್ನೊಂದು ಹಾಕಿ ತುಪ್ಪ ಸುರಿದೆ. ನಮ್ಮಲ್ಲಿ ಬಡಿಸುವವರು ಮಾಡುವುದೇ ಹಾಗೆ. ಉಣ್ಣುವವರು ಎಲೆಯ ಮೇಲೆ ಬಾಗಿ ಎರಡೂ ಕೈ ಅಡ್ಡ ಹಿಡಿಯುವ ತನಕ ಬೇಡ ಎಂದದ್ದು ಲೆಕ್ಕಕ್ಕಿಲ್ಲ. ಮೊದಲ ಬೇಡಕ್ಕೇ ನಿಲ್ಲಿಸಿದರೆ ಜಿಪುಣರ ಮನೆ ಎಂದು ಆಡಿಕೊಳ್ಳುತ್ತಾರೆ.

ನರ್ಸಮ್ಮನ ಮುಖ ಕೆಂಪಾಯಿತು.

"ನಾ ಬ್ಯಾಡ ಅಂದೆ. ನಿನಗ ಕೇಳಸಲಿಲ್ಲ?"

"ಕೇಳಸ್ತರಿ. ನಾಚಿಕಿಗೆ ಅಂದ್ರಿ ಅಂತ ಮಾಡಿದ್ದೆ."

"ನಾಚಿಕಿ ಯಾಕ? ಹೊಟ್ಟಿ ನಂದು." ತಟ್ಟೆ ಆಚೆ ಸರಿಸಿ, "ನೀ ಕಾಫಿ ಬ್ಯಾಡ ಅಂದಾಗ ನಾ ಸುರದೀನೇನು?" ಎಂದರು.

ಸುರಿದಿರಲಿಲ್ಲ. ತುಪ್ಪದ ಗಿಂಡಿ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದೆ. ನನಗೆ ಅವಮಾನವೂ ಆಗಲಿಲ್ಲ, ಸಂತೋಷವೂ ಆಗಲಿಲ್ಲ. ನಾನು ಹೇಳಿದ್ದನ್ನು ಒಬ್ಬರು ಇಷ್ಟು ದಿನ ಕೇಳಿಸಿಕೊಳ್ಳುತ್ತಿದ್ದರು ಎಂಬುದು ಆಗ ತಿಳಿಯಿತು, ಅಷ್ಟೇ.

ಬೇಸಿಗೆ ಹತ್ತಿರವಾದಾಗ ಒಂದು ಸಂಜೆ ಅಪ್ಪ ಬಂದರು. ಸಿರವಾರದ ತನಕ ಬಸ್ಸು, ಮುಂದೆ ಬಂಡಿ. ಧೂಳಿನಿಂದ ಹುಬ್ಬು ಬೆಳ್ಳಗಾಗಿತ್ತು. ಮರುದಿನ ಊಟವಾದ ಮೇಲೆ ಮಾವ ಎದ್ದು ಹೊರಗೆ ಹೋದರು. ಅಪ್ಪ ನನ್ನ ಮುಖ ನೋಡದೆ ಮಾತಾಡಿದರು.

"ಅಮಾಸಿ ಮುಂದ ದೇವಸುಗೂರಿಗೆ ಹೋಗೂಣ ತಂಗೀ. ಅಲ್ಲಿ ಹೊಳಿ ಅದ. ಎಲ್ಲಾ ಅಲ್ಲೇ ಮುಗಿಸಿಕೊಂಡು ಮನಿಗೆ ಬರೂಣ. ಕ್ಷೌರದವಗ ಹೇಳಿ ಬಂದೀನಿ."

"ನನಗ ಬ್ಯಾಡ್ರಿ ಅಪ್ಪಾ."

ನನಗೆ ಧೈರ್ಯ ಬಂದಿತ್ತು ಎಂದು ಹೇಳಲಾರೆ. ದನಿ ಏರಲಿಲ್ಲ. ಮೇಜಿನ ಮುಂದೆ ದಿನವೂ ಹೇಳುತ್ತಿದ್ದ ದನಿಯಲ್ಲೇ ಹೇಳಿದೆ. ಅಪ್ಪ ಅದನ್ನು ಮೊದಲ ಬೇಡ ಎಂದೇ ತಿಳಿದರು. ನಾನು ಇನ್ನಷ್ಟು ಹೇಳುತ್ತೇನೆ, ಅಳುತ್ತೇನೆ, ಆಮೇಲೆ ಏಳುತ್ತೇನೆ ಎಂದು ಕಾದರು.

"ನಿಮ್ಮ ಸೋದರತ್ತಿ ಏನ್ ಸತ್ತು ಹೋದ್ಲೇನು? ಅಕಿ ಕೈಯಾಗಿನ ಅಡಗೀನೇ ದೇವರಿಗೆ ಹೋಗ್ತದ. ನಿನಗೂ ಅಡಗಿ ಮನಿ ಸಿಗ್ತದ."

ಅಪ್ಪ ತಮ್ಮ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡರು.

"ಏಳು ಮತ್ತ. ಗಂಟು ಕಟ್ಟಿಕೋ."

ಏಳಲಿಲ್ಲ. ಆಗಲೇ ಹೇಳಿಯಾಗಿತ್ತು, ಮತ್ತೆ ಹೇಳಬೇಕೆಂದು ಅನ್ನಿಸಲಿಲ್ಲ. ಒಳಗೆ ಕೂಸು ಎದ್ದು ಅತ್ತಿತು, ಅದರ ತಾಯಿ ಸಮಾಧಾನ ಮಾಡುವುದು ಕೇಳಿಸುತ್ತಿತ್ತು. ಅಪ್ಪ ತೊಡೆಯ ಮೇಲೆ ಕೈ ಇಟ್ಟುಕೊಂಡು ನೆಲ ನೋಡುತ್ತ ಕುಳಿತರು. ಅವರು ಸಿಟ್ಟಿನ ಮನುಷ್ಯರಲ್ಲ. ಅಕ್ಕನ ಮುಂದೆ ಹೋಗಿ ನಿಲ್ಲಬೇಕಾದವರು ಅವರು.

"ಅಕಿಗೆ ನಾ ಏನ್ ಹೇಳ್ಲಿ?" ಎಂದರು, ನನ್ನನ್ನಲ್ಲ, ನೆಲವನ್ನು ಕೇಳಿದಂತೆ.

"ನಾ ಬ್ಯಾಡ ಅಂದೆ ಅಂತ ಹೇಳ್ರಿ."

ಆಗ ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿದರು. ನೋಟ ನನ್ನ ಹೆರಳಿನ ಮೇಲೆ ಸ್ವಲ್ಪ ಹೊತ್ತು ನಿಂತಿತು. ಬೈಯಲಿಲ್ಲ. ಕರೆಯಲೂ ಇಲ್ಲ. ಚೀಲ ತೆಗೆದುಕೊಂಡು ಹಿತ್ತಲಿಗೆ ನಡೆದರು.

ಬಿಸಿಲಿನಲ್ಲಿ ಹೊರಟವರು, ನೀರು ಬೇಕಾಗುತ್ತದೆ ಎಂದು ನಾನು ಹಿಂದೆಯೇ ಹೋಗಿ ಬಾವಿಯ ಹಗ್ಗಕ್ಕೆ ಕೈ ಹಾಕಿದೆ. ಹಿಂದಿನ ದಿನ ಸಂಜೆ ನಾನು ಸೇದಿಕೊಟ್ಟ ನೀರನ್ನೇ ಅವರು ಕುಡಿದಿದ್ದರು.

"ಇರಲಿ ತಂಗೀ," ಎಂದರು.

ನಾನು ಹಗ್ಗ ಬಿಟ್ಟು ಸರಿದು ನಿಂತೆ. ಅವರೇ ಕೊಡವನ್ನು ಬಾವಿಗೆ ಇಳಿಸಿದರು. ಸೇದುವುದು ರೂಢಿಯಿಲ್ಲದ ಕೈ. ಕೊಡ ಗೋಡೆಗೆ ಬಡಿಯುತ್ತ ಮೇಲೆ ಬಂತು. ಕಾಲು ತೊಳೆದುಕೊಂಡು, ಬೊಗಸೆಯಲ್ಲಿ ಕುಡಿದು, ಉಳಿದ ನೀರನ್ನು ತುಳಸಿಗೆ ಹಾಕಿ ಹೊರಟರು. ಅದಾದ ಮೇಲೆಯೂ ಅವರು ಬಹಳ ವರ್ಷ ಬದುಕಿದ್ದರು. ನನ್ನನ್ನು ನೋಡಲು ದೇವದುರ್ಗಕ್ಕೆ ಬರುತ್ತಿದ್ದರು, ಮಾತಾಡಿಸುತ್ತಿದ್ದರು. ಬಂದಾಗಲೆಲ್ಲ ನೀರನ್ನು ತಾವೇ ಸೇದಿಕೊಂಡರು.